ಪದಗಳ ಪ್ರಶ್ನೋತ್ತರ: ‘ಹೆಲ್ಪ್’ ಎಲ್ಲ ಕಡೆಯೂ ಸಹಾಯವಲ್ಲ

ಹಿಂದಿನ ಸಂಚಿಕೆಯಲ್ಲಿ ‘ಸಹಾಯವಾಣಿ’ ಎಂಬ ಪದವನ್ನು ಕುರಿತು ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿದ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು, ಆ ಪದದ ಹಿಂದಿರುವ ‘ಹೆಲ್ಪ್’ ಎಂಬ ಇಂಗ್ಲಿಷ್ ಮಾತಿನ ಬಗ್ಗೆಯೇ ಹಲವು ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಈ ಸಲದ ಅಂಕಣವನ್ನು ಆ ಒಂದು ಪದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಊರಿನ ಕಲ್ಯಾಣ ಮಂಟಪವೊಂದರಲ್ಲಿ ಬಫೆ ಊಟದ ಮೇಜಿನ ಮೇಲೆ ‘ಹೆಲ್ಪ್ ಯುವರ್‌ಸೆಲ್ಫ್’ ಎಂದು ಇಂಗ್ಲಿಷಿನಲ್ಲೂ, ಅದರ ಕೆಳಗೆ ‘ನಿಮಗೆ ನೀವೇ ಸಹಾಯ ಮಾಡಿಕೊಳ್ಳಿ’ ಎಂದು ಕನ್ನಡದಲ್ಲೂ ಬರೆದಿತ್ತು. ನಮ್ಮ ಅತ್ತೆಯವರು ಅದನ್ನು ಓದಿ, ‘ಯಾಕಮ್ಮಾ, ಇವರಿಗೆ ಏನು ಕಷ್ಟ ಬಂದಿದೆ?’ ಎಂದು ಗಾಬರಿಯಿಂದ ಕೇಳಿದರು. ಈ ಕನ್ನಡ ಸರಿಯೇ?
— ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸರಿಯಲ್ಲ. ನಿಮ್ಮ ಅತ್ತೆಯವರ ಗಾಬರಿಯೇ ಸರಿಯಾದದ್ದು, ಏಕೆಂದರೆ ಕನ್ನಡದಲ್ಲಿ ‘ಸಹಾಯ’ ಎಂಬ ಮಾತು ಬಂದ ಕೂಡಲೇ ಅದರ ಬೆನ್ನಿಗೆ ಒಂದು ತೊಂದರೆಯೋ ಕೊರತೆಯೋ ಇರಬೇಕೆಂದು ಕೇಳುವವರ ಮನಸ್ಸು ಹುಡುಕುತ್ತದೆ. ಇಂಗ್ಲಿಷಿನ ಈ ಬಳಕೆಯಲ್ಲಿ ಅಂಥ ಕಷ್ಟವೇನೂ ಇಲ್ಲ. 17ನೆಯ ಶತಮಾನದ ಕೊನೆಯ ಭಾಗದಿಂದ ಇಂಗ್ಲಿಷರ ಊಟದ ಮೇಜಿನಲ್ಲಿ ‘ಹೆಲ್ಪ್’ ಎಂಬ ಕ್ರಿಯಾಪದಕ್ಕೆ ‘ಬಡಿಸು’ ಎಂಬ ಅರ್ಥ ಬೆಳೆದು ಬಂದಿತು. ಯಾರ ಮುಂದೆ ಪಾತ್ರೆ ಇರುತ್ತದೆಯೋ ಅವರು ಪಕ್ಕದವರ ತಟ್ಟೆಗೆ ಅದರಿಂದ ತೆಗೆದು ಹಾಕುವುದನ್ನು ಆ ಪದ ಸೂಚಿಸುತ್ತಿತ್ತು. ಇನ್ನೊಬ್ಬರಿಗೆ ಬಡಿಸುವುದರಿಂದ ತನಗೆ ತಾನೇ ಬಡಿಸಿಕೊಳ್ಳುವುದಕ್ಕೆ ಆ ಮಾತು ಹೊರಳಿದಾಗ ‘ಹೆಲ್ಪ್ ಯುವರ್‌ಸೆಲ್ಫ್’ ಬಂದಿತು. ಒಂದು ಸಲ ತಟ್ಟೆಗೆ ಬೀಳುವ ಪಾಲನ್ನು ಇಂಗ್ಲಿಷಿನಲ್ಲಿ ‘ಹೆಲ್ಪಿಂಗ್’ ಎನ್ನುವುದೂ ಇದೇ ದಾರಿಯಲ್ಲಿ ಬಂದದ್ದು.

ಆದ್ದರಿಂದ ಆ ಫಲಕದಲ್ಲಿ ‘ಬೇಕಾದಷ್ಟು ಬಡಿಸಿಕೊಳ್ಳಿ’ ಎಂದಿದ್ದರೆ ಸಾಕಾಗಿತ್ತು. ‘ಬಡಿಸು’ ಎಂಬ ಅಚ್ಚುಕಟ್ಟಾದ ಕ್ರಿಯಾಪದ ನಮ್ಮಲ್ಲಿದೆ. ತನಗಾಗಿ ತಾನೇ ಮಾಡಿಕೊಳ್ಳುವ ಕೆಲಸವನ್ನು ತೋರಿಸಲು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವೂ ಇದೆ. ಎರಡನ್ನೂ ಕೈಯಲ್ಲಿಟ್ಟುಕೊಂಡು ನಾವು ‘ನಿಮಗೆ ನೀವೇ’ ಎಂದು ಬಳಸಿ ಹೇಳುವ ಅಗತ್ಯವಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಇಂಗ್ಲಿಷಿನ ‘ಹೆಲ್ಪ್’ ಒಂದು ಕಾಲದಲ್ಲಿ ರೋಗವನ್ನು ವಾಸಿ ಮಾಡುವುದಕ್ಕೂ, ಆಮೇಲೆ ಊಟ ಬಡಿಸುವುದಕ್ಕೂ ಸಂದಿತೆಂದರೆ ನಮಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ‘ಉಪಚಾರ’ವನ್ನು ನೋಡಿ. ಮದುವೆ ಮನೆಯಲ್ಲಿ ‘ಊಟೋಪಚಾರ’ ಚೆನ್ನಾಗಿತ್ತು ಎನ್ನುತ್ತೇವೆ, ಆಸ್ಪತ್ರೆಯಲ್ಲಿ ‘ಔಷಧೋಪಚಾರ’ ನಡೆಯಿತು ಎನ್ನುತ್ತೇವೆ. ಬಳಿಗೆ ಹೋಗಿ ನೋಡಿಕೊಳ್ಳುವುದು ಎಂಬ ಒಂದೇ ಬೇರಿನಿಂದ ಎಲೆಯ ಮುಂದಿನ ಅತಿಥಿಗೂ ಹಾಸಿಗೆಯ ಮೇಲಿನ ರೋಗಿಗೂ ಸಲ್ಲುವ ಮಾತು ನಮ್ಮಲ್ಲಿಯೂ ಬೆಳೆದಿದೆ. ಪಂಕ್ತಿಯಲ್ಲಿ ಹೋಳಿಗೆಯ ತಟ್ಟೆ ಹಿಡಿದು, ಅತಿಥಿ ಎಲೆಗೆ ಕೈ ಅಡ್ಡ ಹಿಡಿದರೂ ಬಿಡದೆ ‘ಅರ್ಧವಾದರೂ ಹಾಕಿಸಿಕೊಳ್ಳಿ ಅಣ್ಣಾರೆ’ ಎಂದು ಒತ್ತಾಯಿಸುವವರನ್ನು ಕಂಡವರಿಗೆ ಉಪಚಾರವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ‘ಐ ಕುಡ್ ನಾಟ್ ಹೆಲ್ಪ್ ಲಾಫಿಂಗ್’ ಎಂಬ ವಾಕ್ಯವನ್ನು ನನ್ನ ತರಗತಿಯ ಅರ್ಧದಷ್ಟು ಮಕ್ಕಳು ‘ನಾನು ನಗಲು ಸಹಾಯ ಮಾಡಲಾಗಲಿಲ್ಲ’ ಎಂದು ಅನುವಾದಿಸಿದರು. ತಪ್ಪೆಂದು ಹೇಳಿದೆ, ಆದರೆ ಏಕೆ ತಪ್ಪೆಂದು ವಿವರಿಸಲು ನನಗೇ ಆಗಲಿಲ್ಲ.
— ಪ್ರೌಢಶಾಲಾ ಶಿಕ್ಷಕಿ, ಹೊಳಲ್ಕೆರೆ

ಉತ್ತರ: ಮಕ್ಕಳ ತಪ್ಪಿಗೆ ಕಾರಣವಿದೆ ಮೇಡಂ. ಅವರಿಗೆ ನಾವು ಪದಕ್ಕೆ ಪದ ಕಲಿಸಿದ್ದೇವೆ, ಪದ ನಡೆದು ಬಂದ ದಾರಿಯನ್ನು ಕಲಿಸಿಲ್ಲ. ಒಬ್ಬ ಮನುಷ್ಯನಿಗೆ ‘ಹೆಲ್ಪ್’ ಮಾಡುವುದೆಂದರೆ ಅವನಿಗೆ ಒದಗುವುದು. ಅವನ ರೋಗಕ್ಕೆ ‘ಹೆಲ್ಪ್’ ಮಾಡುವುದೆಂದರೆ, ಹಳೆಯ ಇಂಗ್ಲಿಷ್ ಬಳಕೆಯಲ್ಲಿ, ರೋಗಕ್ಕೆ ನೆರವಾಗುವುದಲ್ಲ, ಅದನ್ನು ಗುಣಪಡಿಸುವುದು. ಹಾಗೆಯೇ ಒಂದು ಕೆಡುಕಿಗೆ ‘ಹೆಲ್ಪ್’ ಎಂದರೆ ಅದಕ್ಕೆ ಪರಿಹಾರ ಹುಡುಕುವುದು, ಆಮೇಲೆ ಅದು ಆಗದಂತೆ ತಡೆಯುವುದು. 16ನೆಯ ಶತಮಾನದ ಹೊತ್ತಿಗೆ ‘ಕ್ಯಾನಾಟ್’ ಎಂಬ ನಿಷೇಧದ ಜೊತೆ ಸೇರಿ ‘ತಡೆಯಲಾರೆ, ತಪ್ಪಿಸಲಾರೆ’ ಎಂಬ ಅರ್ಥ ಗಟ್ಟಿಯಾಯಿತು. ಹೀಗೆ ಒದಗು, ಗುಣಪಡಿಸು, ಪರಿಹರಿಸು, ತಡೆ ಎಂದು ಒಂದೊಂದೇ ಹೆಜ್ಜೆ ಇಡುತ್ತಾ ಪದವು ತನ್ನ ಮೊದಲ ಅರ್ಥದಿಂದ ಬಹು ದೂರ ಬಂದಿದೆ. ಮಕ್ಕಳ ಮುಂದೆ ಈ ನಾಲ್ಕು ಮಾತುಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರೆ ಅವರಿಗೆ ತಟ್ಟನೆ ಹೊಳೆಯುತ್ತದೆ.

ನಿಮ್ಮ ವಾಕ್ಯಕ್ಕೆ ಕನ್ನಡದಲ್ಲಿ ‘ನನಗೆ ನಗು ತಡೆಯಲಾಗಲಿಲ್ಲ’ ಅಥವಾ ‘ನಗದೆ ಇರಲಾಗಲಿಲ್ಲ’ ಎನ್ನಬೇಕು. ‘ಇಟ್ ಕಾಂಟ್ ಬಿ ಹೆಲ್ಪ್ಡ್’ ಎಂಬುದಕ್ಕೆ ಪುಸ್ತಕದ ಕನ್ನಡದಲ್ಲಿ ‘ಗತ್ಯಂತರವಿಲ್ಲ’, ‘ವಿಧಿಯಿಲ್ಲ’ ಎಂಬ ಮಾತುಗಳಿವೆ. ನಮ್ಮ ಕಡೆಯ ಆಡುಮಾತಿನಲ್ಲಿ ‘ಏನು ಮಾಡಾಕೆ ಬರುತ್ತೆ?’ ಎನ್ನುತ್ತೇವಲ್ಲ, ಅದು ಇನ್ನೂ ಹತ್ತಿರದ್ದು.

ಪ್ರಶ್ನೆ: ‘ಹೆಲ್ಪ್’ ಎಂಬುದು ಸಂಸ್ಕೃತದ ‘ಕಲ್ಪ’ದಿಂದ ಹುಟ್ಟಿತೆಂದು, ಎರಡರಲ್ಲೂ ‘ಲ್ಪ’ ಇರುವುದೇ ಅದಕ್ಕೆ ಸಾಕ್ಷಿಯೆಂದು ಮೊಬೈಲಿನಲ್ಲಿ ಹರಿದಾಡುತ್ತಿರುವ ಬರಹವೊಂದನ್ನು ಓದಿದೆ. ನಿಜವೇ?
— ನಿವೃತ್ತ ಅಂಚೆ ನೌಕರರು, ಹೊಸದುರ್ಗ

ಉತ್ತರ: ನಿಜವಲ್ಲ. ಆ ‘ಲ್ಪ’ ಎಂಬ ಹೋಲಿಕೆಯೇ, ನಿಧಾನವಾಗಿ ನೋಡಿದರೆ, ಸಂಬಂಧ ಇಲ್ಲವೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇದನ್ನು ತಿಳಿಯಲು ನಾವು ಮೊದಲು ನಮ್ಮದೇ ಭಾಷೆಯ ಒಂದು ಸಂಗತಿಯನ್ನು ನೆನೆಯೋಣ. ಹಳಗನ್ನಡದ ‘ಪಾಲ್’ ಈಗ ‘ಹಾಲು’, ‘ಪುಲಿ’ ಈಗ ‘ಹುಲಿ’, ‘ಪೂ’ ಈಗ ‘ಹೂ’, ‘ಪೆಸರ್’ ಈಗ ‘ಹೆಸರು’. ಒಂದು ಪದದಲ್ಲಿ ಮಾತ್ರ ಹೀಗಾಗಿಲ್ಲ, ಪದದ ಮೊದಲಿನ ಪಕಾರವು ಸಾಲುಸಾಲಾಗಿ ಹಕಾರವಾಗಿದೆ. ಧ್ವನಿಗಳು ಬದಲಾಗುವಾಗ ಇಂಥ ಕಟ್ಟುನಿಟ್ಟು ಇರುತ್ತದೆ.

ಇಂಗ್ಲಿಷ್, ಜರ್ಮನ್, ಡಚ್ ಮೊದಲಾದ ಜರ್ಮ್ಯಾನಿಕ್ ಭಾಷೆಗಳಲ್ಲಿಯೂ ಬಹು ಹಿಂದೆ ಇಂಥದೇ ಒಂದು ಸಾಲುಬದಲಾವಣೆ ನಡೆಯಿತು. ಜನಪದ ಕಥೆಗಳ ಸಂಗ್ರಹದಿಂದ ಪ್ರಸಿದ್ಧರಾದ ಗ್ರಿಮ್ ಸಹೋದರರಲ್ಲಿ ಹಿರಿಯನಾದ ಯಾಕೋಬ್ ಗ್ರಿಮ್ 1822ರಲ್ಲಿ ಅದರ ನಿಯಮವನ್ನು ವಿವರವಾಗಿ ಬರೆದಿಟ್ಟನು. ಮೂಲದ ಪಕಾರ ಅಲ್ಲಿ ‘ಫ’ ಆಗುತ್ತದೆ, ಆದ್ದರಿಂದ ನಮ್ಮ ‘ಪಾದ’ಕ್ಕೆ ಎದುರಾಗಿ ‘ಫುಟ್’, ‘ಪಿತೃ’ವಿಗೆ ಎದುರಾಗಿ ‘ಫಾದರ್’. ಮೂಲದ ಕಕಾರ ಅಲ್ಲಿ ಹಕಾರವಾಗುತ್ತದೆ, ಲ್ಯಾಟಿನ್ನಿನ ‘ಕಾರ್ನು’ ಇಂಗ್ಲಿಷಿನಲ್ಲಿ ‘ಹಾರ್ನ್’, ಅಂದರೆ ಕೊಂಬು. ಈ ನಿಯಮದಂತೆ ‘ಕಲ್ಪ’ದ ಬೇರು ಇಂಗ್ಲಿಷಿಗೆ ಇಳಿದಿದ್ದರೆ ಕಕಾರ ಹಕಾರವಾಗುವುದೇನೋ ಸರಿ, ಆದರೆ ಕೊನೆಯ ಪಕಾರ ಹಾಗೆಯೇ ಉಳಿಯುವಂತಿರಲಿಲ್ಲ, ‘ಹೆಲ್ಫ್’ ಎಂದಾಗಬೇಕಿತ್ತು. ಅದೇ ನಿಯಮದಂತೆ ಅಲ್ಲಿ ಪಕಾರವಾಗುವುದು ಮೂಲದ ಬಕಾರ, ಆದ್ದರಿಂದ ‘ಹೆಲ್ಪ್’ನಲ್ಲಿ ಪಕಾರ ಕೇಳಿಸುತ್ತದೆಂದರೆ ಅದರ ಹಿಂದಿನ ರೂಪದಲ್ಲಿ ಇದ್ದದ್ದು ಬಕಾರ.

ಜರ್ಮನ್ ಬಲ್ಲವರು ಇಲ್ಲಿ ತಡೆದು, ‘ಜರ್ಮನ್ನಿನಲ್ಲಿ ಹೆಲ್ಫನ್ ಎಂದೇ ಇದೆಯಲ್ಲ’ ಎಂದು ಕೇಳಬಹುದು. ಅದು ತೀರ ಈಚಿನ, ಎರಡನೆಯ ಬದಲಾವಣೆ. ಇಂಗ್ಲಿಷಿನ ‘ಶಿಪ್’ ಜರ್ಮನ್ನಿನಲ್ಲಿ ‘ಶಿಫ್’ ಆದಂತೆ, ‘ಓಪನ್’ ಎಂಬುದು ‘ಓಫನ್’ ಆದಂತೆ, ‘ಹೆಲ್ಪನ್’ ಅಲ್ಲಿ ಮಾತ್ರ ‘ಹೆಲ್ಫನ್’ ಆಯಿತು. ಡಚ್ಚರು ಇಂದಿಗೂ ‘ಹೆಲ್ಪನ್’ ಎನ್ನುತ್ತಾರೆ, ಸ್ವೀಡನ್ನಿನವರು ‘ಯೆಲ್ಪ’ ಎನ್ನುತ್ತಾರೆ, 4ನೆಯ ಶತಮಾನದಲ್ಲಿ ವುಲ್ಫಿಲನೆಂಬ ಧರ್ಮಗುರು ಬೈಬಲ್ಲನ್ನು ಅನುವಾದಿಸಿದ ಗಾಥಿಕ್ ಭಾಷೆಯಲ್ಲಿ ಅದು ‘ಹಿಲ್ಪನ್’. ಹಳೆಯ ಇಂಗ್ಲಿಷಿನಲ್ಲಿಯೂ ‘ಹೆಲ್ಪನ್’ ಎಂದೇ ಇತ್ತು. ಅಲ್ಲಿಂದ ಆಚೆಗೆ ಈ ಬೇರಿನ ನೆಂಟರನ್ನು ಖಚಿತವಾಗಿ ಗುರುತಿಸುವುದು ಕಷ್ಟ. ‘ಬೆಂಬಲಿಸು’ ಎಂಬ ಅರ್ಥದ ಲಿಥುವೇನಿಯನ್ ಪದ ‘ಶೆಲ್ಪ್ತಿ’ಯನ್ನು ಹೋಲಿಸುವುದುಂಟು, ಆದರೆ ಅಲ್ಲಿಯೂ ಪಕಾರ ಇರುವುದರಿಂದ ಅದೇ ತೊಡಕು ಎದುರಾಗುತ್ತದೆ.

ಹಳೆಯ ಇಂಗ್ಲಿಷಿನ ‘ಹೆಲ್ಪನ್’ ಈಗಿನಂತೆ ಸೌಮ್ಯವಾದ ಕ್ರಿಯಾಪದವಾಗಿರಲಿಲ್ಲ. ನಮ್ಮ ‘ಬರು’ ಎಂಬುದು ‘ಬಂದ’ ಎಂದೂ, ‘ಕೊಳ್ಳು’ ಎಂಬುದು ‘ಕೊಂಡ’ ಎಂದೂ ಒಳಗೇ ರೂಪ ಬದಲಿಸುವಂತೆ, ಅದು ಭೂತಕಾಲದಲ್ಲಿ ಸ್ವರವನ್ನೇ ಬದಲಿಸುತ್ತಿತ್ತು. 1611ರಲ್ಲಿ ಇಂಗ್ಲೆಂಡಿನ ಅರಸ ಜೇಮ್ಸನ ಕಾಲದಲ್ಲಿ ಅಚ್ಚಾದ ಬೈಬಲ್ಲಿನಲ್ಲಿ, ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದ ಮರಿಯಳ ಸ್ತುತಿಗೀತೆಯಲ್ಲಿ, ‘ಹೆಲ್ಪ್ಡ್’ ಎನ್ನುವ ಕಡೆ ‘ಹೋಲ್ಪನ್’ ಎಂದಿದೆ. ‘ಎಡ್’ ಸೇರಿಸುವ ಸುಲಭದ ಪದ್ಧತಿ ಇದನ್ನು ಮೆಲ್ಲಮೆಲ್ಲನೆ ನುಂಗಿಬಿಟ್ಟಿತು.

ಅದೇ ಬೈಬಲ್ಲಿನಿಂದ ಇನ್ನೊಂದು ಪದ ಹುಟ್ಟಿದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ, ಆದಾಮನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ದೇವರು ‘ಆ್ಯನ್ ಹೆಲ್ಪ್ ಮೀಟ್ ಫಾರ್ ಹಿಮ್’ ಅನ್ನು ಉಂಟುಮಾಡುವುದಾಗಿ ಹೇಳುವ ಮಾತು ಬರುತ್ತದೆ. ಇಲ್ಲಿ ‘ಮೀಟ್’ ಎಂದರೆ ಭೇಟಿಯಲ್ಲ, ‘ತಕ್ಕ’ ಎಂಬ ಹಳೆಯ ವಿಶೇಷಣ, ಅಂದರೆ ‘ಅವನಿಗೆ ತಕ್ಕ ನೆರವು’ ಎಂದರ್ಥ. ಆ ಹಳೆಯ ಅರ್ಥ ಮರೆತ ಜನರು ಎರಡು ಪದಗಳನ್ನು ಒಂದೇ ಪದವೆಂದು ತಿಳಿದು, ಹೆಂಡತಿಗೆ ‘ಹೆಲ್ಪ್‌ಮೀಟ್’ ಎಂದರು. ‘ಮೀಟ್’ ಏನೆಂದು ತಿಳಿಯದವರು 18ನೆಯ ಶತಮಾನದಲ್ಲಿ ಅದನ್ನು ‘ಹೆಲ್ಪ್‌ಮೇಟ್’ ಎಂದು ತಿದ್ದಿಕೊಂಡರು. ತಪ್ಪಿನಿಂದ ಹುಟ್ಟಿ ಶಬ್ದಕೋಶದಲ್ಲಿ ಗೌರವದ ಸ್ಥಾನ ಪಡೆದ ಪದ ಅದು.

ಪ್ರಶ್ನೆ: ‘ಸಹಾಯ’ ಸಂಸ್ಕೃತ, ‘ನೆರವು’ ಕನ್ನಡ, ಆದ್ದರಿಂದ ನೆರವು ಎಂದೇ ಬರೆಯಬೇಕೆಂದು ನನ್ನ ಸ್ನೇಹಿತರು ವಾದಿಸುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಹರಿಹರ

ಉತ್ತರ: ‘ನೆರವು’ ನನಗೂ ಬಹಳ ಇಷ್ಟದ ಪದ. ‘ಜನ ನೆರೆದರು’ ಎನ್ನುವಾಗಿನ ‘ನೆರೆ’, ಅಂದರೆ ಕೂಡು, ಸೇರು ಎಂಬ ಕ್ರಿಯೆಯ ಬಳಗಕ್ಕೆ ಸೇರಿದ್ದು ಅದು. ಹಳಗನ್ನಡದಲ್ಲಿ ಜನರ ಗುಂಪಿಗೆ ‘ನೆರವಿ’ ಎಂಬ ಪದವಿತ್ತು. ಒಬ್ಬನ ಬಳಿ ನಾಲ್ಕು ಜನ ಬಂದು ಕೂಡಿಕೊಂಡರೆ ಅದೇ ಅವನಿಗೆ ನೆರವು. ಆದರೆ ಅದಕ್ಕಾಗಿ ‘ಸಹಾಯ’ವನ್ನು ಹೊರಗೆ ಹಾಕಬೇಕೆಂದು ನಾನು ಒಪ್ಪಲಾರೆ. ಸಂಸ್ಕೃತದಿಂದ ಬಂದಿದ್ದರೂ ಅದು ನಮ್ಮ ಮನೆಯಲ್ಲಿ ಬೆಳೆದು, ನಮ್ಮ ಕೈಯಲ್ಲಿ ರೂಪ ಬದಲಿಸಿಕೊಂಡ ಪದ.

ಹೇಗೆಂದರೆ, ಸಂಸ್ಕೃತದಲ್ಲಿ ‘ಸಹಾಯ’ ಎಂಬುದು ಕೆಲಸದ ಹೆಸರಲ್ಲ, ಮನುಷ್ಯನ ಹೆಸರು. ‘ಸಹ’ ಎಂದರೆ ಜೊತೆ, ‘ಅಯ’ ಎಂದರೆ ಹೋಗುವುದು, ಜೊತೆಗೆ ಹೋಗುವವನೇ ಸಹಾಯ, ಅಂದರೆ ಸಂಗಾತಿ. ಅವನು ಮಾಡುವ ಕೆಲಸಕ್ಕೆ ಅಲ್ಲಿ ‘ಸಾಹಾಯ್ಯ’ ಎಂಬ ಬೇರೆಯ ಪದವಿದೆ. ಕನ್ನಡವು ಸಂಗಾತಿಯ ಹೆಸರನ್ನೇ ಕೆಲಸಕ್ಕೆ ಇಟ್ಟುಕೊಂಡಿತು, ಆಮೇಲೆ ಆ ಕೆಲಸ ಮಾಡುವವರನ್ನು ‘ಸಹಾಯಕ’, ‘ಸಹಾಯಕಿ’ ಎಂದು ಕರೆಯಿತು.

ನೀವು ಹರಿಹರದವರಾದ್ದರಿಂದ ಒಂದು ಉದಾಹರಣೆ ನಿಮ್ಮ ಊರಿನಿಂದಲೇ ಕೊಡುತ್ತೇನೆ. ನಿಮ್ಮ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಆ ಹೊಯ್ಸಳ ಅರಸರ ಬಿರುದುಗಳಲ್ಲಿ ‘ಅಸಹಾಯಶೂರ’ ಎಂಬುದೊಂದು. ಇಂದಿನ ಕನ್ನಡದ ಕಿವಿಯಿಂದ ಕೇಳಿದರೆ ‘ಅಸಹಾಯಕನಾದ ಶೂರ’ ಎಂದು ಕೇಳಿಸಿ, ಇದೆಂಥ ಬಿರುದು ಎನಿಸಬಹುದು. ಆದರೆ ಅದರ ಅರ್ಥ, ಜೊತೆಗಾರರಿಲ್ಲದೆ ಒಬ್ಬನೇ ಕಾದಿ ಗೆಲ್ಲುವವನು ಎಂದು. ಸಂಗಾತಿ ಬೇಡವೆನ್ನುವ ಕೆಚ್ಚನ್ನು ಹೇಳುತ್ತಿದ್ದ ಮಾತಿನ ಬೇರಿನಿಂದಲೇ, ಸಂಗಾತಿ ಇಲ್ಲದೆ ಕೈಚೆಲ್ಲಿ ಕುಳಿತವನನ್ನು ಹೇಳುವ ‘ಅಸಹಾಯಕ’ ಎಂಬ ಮಾತು ಬಂದಿದೆ. ಎಂಟುನೂರು ವರ್ಷಗಳ ಅಂತರದಲ್ಲಿ ಒಂದೇ ಪದ ಎರಡು ಮುಖ ತೋರಿಸಿರುವಾಗ ಅದನ್ನು ಪರಕೀಯವೆಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ.

ಇವೆರಡರ ಆಚೆಗೂ ನಮ್ಮ ಸಂಪತ್ತು ದೊಡ್ಡದು. ಬೆನ್ನಿನ ಹಿಂದಿನ ಬಲ ‘ಬೆಂಬಲ’. ‘ಆಶ್ರಯ’ವು ಜನರ ಬಾಯಲ್ಲಿ ನಯವಾಗಿ ‘ಆಸರೆ’ಯಾಗಿದೆ. ಅರಬ್ಬಿಯಿಂದ ಪಾರಸಿ, ಉರ್ದುಗಳ ದಾರಿಯಲ್ಲಿ ಬಂದ ‘ಮದತ್ತು’ ಹಳೆಯ ತಲೆಮಾರಿನವರ ಮಾತಿನಲ್ಲಿ ಇನ್ನೂ ಕೇಳುತ್ತದೆ. ಕೈಸಾಲ ಕೇಳಲು ಬಂದವರು ‘ಸಹಾಯ’ ಎನ್ನದೆ ‘ಸ್ವಲ್ಪ ಅನುಕೂಲ ಮಾಡಿಕೊಡಿ’ ಎನ್ನುತ್ತಾರಲ್ಲ, ಆ ‘ಅನುಕೂಲ’ದಲ್ಲಿ ‘ಕೂಲ’ವೆಂದರೆ ನದಿಯ ದಡ. ದಡಕ್ಕೆ ಹೊಂದಿಕೊಂಡು ಹೋಗುವುದು ಅನುಕೂಲ, ದಡಕ್ಕೆ ಎದುರಾದದ್ದು ಪ್ರತಿಕೂಲ. ತುಂಗಭದ್ರೆಯ ದಡದಲ್ಲಿರುವ ನಿಮಗೆ ಇದರ ಚೆಲುವು ನನಗಿಂತ ಚೆನ್ನಾಗಿ ಗೊತ್ತಾದೀತು.

ಒಂದು ಕೊರತೆಯನ್ನು ಮಾತ್ರ ಒಪ್ಪಿಕೊಳ್ಳಬೇಕು. ಕಚೇರಿಯ ಕನ್ನಡದಲ್ಲಿ ‘ಅಸಿಸ್ಟೆಂಟ್’ ಮತ್ತು ‘ಹೆಲ್ಪರ್’ ಎರಡಕ್ಕೂ ನಾವು ‘ಸಹಾಯಕ’ ಎಂದುಬಿಟ್ಟಿದ್ದೇವೆ. ಉಪವಿಭಾಗದ ಸಹಾಯಕ ಆಯುಕ್ತರೂ ಸಹಾಯಕರೇ, ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ತಾಯಿಯೂ ಸಹಾಯಕಿಯೇ. ಪದದಲ್ಲಿ ಇಬ್ಬರೂ ಸಮಾನರಾಗಿರುವುದು ನನಗೆ ಸಂತೋಷವೇ, ಆದರೆ ಆದೇಶಗಳನ್ನು ಓದುವವರಿಗೆ ಗೊಂದಲವಾಗುವುದುಂಟು. ಇಂಗ್ಲಿಷಿನಲ್ಲಿಯೂ ಈ ಪದಕ್ಕೆ ಇಂಥದೊಂದು ಸಾಮಾಜಿಕ ಕಥೆಯಿದೆ. ಅಮೆರಿಕದ ವಸಾಹತುಗಳಲ್ಲಿ 17ನೆಯ ಶತಮಾನದಿಂದಲೇ ಮನೆಗೆಲಸದವರನ್ನೂ ಹೊಲದ ಆಳುಗಳನ್ನೂ ‘ಹೆಲ್ಪ್’ ಎಂದು ಕರೆಯುವ ರೂಢಿ ಬೆಳೆಯಿತು. ‘ಸರ್ವೆಂಟ್’ ಎಂದು ಕರೆಸಿಕೊಳ್ಳಲು ದುಡಿಯುವವರು ಒಪ್ಪುತ್ತಿರಲಿಲ್ಲವೆಂಬುದು ಆ ರೂಢಿ ಗಟ್ಟಿಯಾಗಲು ಕಾರಣವಾಯಿತು.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೆಲ್ಪ್, ಏಡ್, ಅಸಿಸ್ಟ್, ಸಕರ್ ಇವುಗಳ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳುವುದು ಹೇಗೆ?
— ವಿದ್ಯಾರ್ಥಿ, ಜಗಳೂರು

ಉತ್ತರ: ಬೇರುಗಳನ್ನು ಕಣ್ಣಿಗೆ ಕಟ್ಟಿಕೊಂಡರೆ ವ್ಯತ್ಯಾಸ ತಾನೇ ನಿಲ್ಲುತ್ತದೆ. ‘ಹೆಲ್ಪ್’ ಇಂಗ್ಲಿಷಿನ ಹುಟ್ಟುಪದ, ಮನೆಮಾತು. ಉಳಿದ ಮೂರೂ ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದ ಅತಿಥಿಗಳು, ಆದ್ದರಿಂದಲೇ ಅವು ಕಚೇರಿ, ಕಡತ, ಪುಸ್ತಕಗಳಲ್ಲಿ ಹೆಚ್ಚು ಕಾಣುತ್ತವೆ.

‘ಅಸಿಸ್ಟ್’ ಎಂದರೆ ಮೂಲದಲ್ಲಿ ಬಳಿ ನಿಲ್ಲುವುದು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ಪಕ್ಕದಲ್ಲಿ ನಿಂತು ಕತ್ತರಿ ಕೊಡುವವರನ್ನು ನೆನೆಯಿರಿ. ಮುಖ್ಯ ಕೆಲಸ ಇನ್ನೊಬ್ಬರದು, ನಿಲ್ಲುವುದು ಇವರದು. ‘ಸಕರ್’ನ ಬೇರಿನಲ್ಲಿ ಓಟವಿದೆ, ಆಪತ್ತಿನಲ್ಲಿರುವವರ ಬಳಿಗೆ ಓಡಿ ಬರುವುದು. ನಮ್ಮ ಪತ್ರಿಕೆಗಳು ‘ನೆರವಿಗೆ ಧಾವಿಸಿದರು’ ಎಂದು ಬರೆಯುತ್ತವಲ್ಲ, ಆ ಮಾತು ಇದಕ್ಕೆ ಒಪ್ಪುತ್ತದೆ. ಒಂದು ವಿಶೇಷವೆಂದರೆ ಈ ಪದ ಇಂಗ್ಲಿಷಿಗೆ ಬಂದಾಗ ಕೊನೆಯಲ್ಲಿ ಸಕಾರವಿತ್ತು. ಅದನ್ನು ಬಹುವಚನವೆಂದು ತಿಳಿದು ಜನ ಸಕಾರವನ್ನು ಕತ್ತರಿಸಿಬಿಟ್ಟರು.

‘ಏಡ್’ ಎಂಬುದು ಬಹುಮಟ್ಟಿಗೆ ಹಣ, ಸಾಮಗ್ರಿ, ಸಂಸ್ಥೆಗಳ ಮಾತು. ನಮ್ಮೂರುಗಳಲ್ಲಿ ಅನುದಾನಿತ ಶಾಲೆಯನ್ನು ‘ಏಡೆಡ್ ಶಾಲೆ’ ಎನ್ನುತ್ತೇವೆ. ಆದರೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ‘ಏಡ್’ ಎಂದರೆ ಒಡೆಯನಿಗೆ ಅಧೀನರು ಕೊಡಬೇಕಾಗಿದ್ದ ಒಂದು ಬಗೆಯ ತೆರಿಗೆ. ಅರಸನು ಸೆರೆ ಸಿಕ್ಕರೆ ಬಿಡಿಸಿಕೊಳ್ಳಲು, ಹಿರಿಯ ಮಗನಿಗೆ ‘ನೈಟ್’ ಎಂಬ ವೀರಪದವಿ ಕೊಡಿಸಲು, ಹಿರಿಯ ಮಗಳ ಮದುವೆಯನ್ನು ಒಂದು ಸಲ ಮಾಡಲು ಎಂಬ ಮೂರು ಸಂದರ್ಭಗಳನ್ನು ಬಿಟ್ಟು, ರಾಜ್ಯದ ಸಮ್ಮತಿಯಿಲ್ಲದೆ ಅದನ್ನು ವಸೂಲು ಮಾಡಬಾರದೆಂದು ಅರಸನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾದ 12ನೆಯ ಕಲಮು ಕಟ್ಟು ಹಾಕಿತು. ನೆರವಿನ ಹೆಸರಿನಲ್ಲಿ ವಸೂಲಿಯೂ ನಡೆಯಬಹುದೆಂಬುದು ಹಳೆಯ ಸಂಗತಿ.

ನೀವು ಕೇಳದಿದ್ದರೂ ‘ಸಬ್ಸಿಡಿ’ಯನ್ನು ಸೇರಿಸುತ್ತೇನೆ, ಏಕೆಂದರೆ ಜಗಳೂರಿನ ಮೆಕ್ಕೆಜೋಳದ ರೈತರು ‘ಸಹಾಯಧನ’ಕ್ಕಿಂತ ಹೆಚ್ಚಾಗಿ ಅದನ್ನೇ ಆಡುತ್ತಾರೆ. ರೋಮನ್ನರ ಸೈನ್ಯದಲ್ಲಿ ಮುಂದಿನ ಸಾಲುಗಳು ಸೋತರೆ ಎದ್ದು ಬರಲೆಂದು ಹಿಂದೆ ಕಾದಿರಿಸಿದ ಮೀಸಲು ಪಡೆಗೆ ಇದ್ದ ಹೆಸರು ‘ಸುಬ್ಸಿದಿಯುಮ್’, ಅದರ ಬೇರಿನಲ್ಲಿರುವುದು ‘ಕುಳಿತುಕೊಳ್ಳು’ ಎಂಬ ಕ್ರಿಯೆ.

ಪ್ರಶ್ನೆ: ಎಸ್‌ಒಎಸ್ ಎಂದರೆ ‘ಸೇವ್ ಅವರ್ ಸೋಲ್ಸ್’ ತಾನೇ? ವಿಮಾನದವರು ‘ಮೇ ಡೇ’ ಎಂದು ಏಕೆ ಕೂಗುತ್ತಾರೆ? ಅದು ಕಾರ್ಮಿಕರ ದಿನವಲ್ಲವೇ?
— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಚನ್ನಗಿರಿ

ಉತ್ತರ: ಎಸ್‌ಒಎಸ್ ಯಾವ ವಾಕ್ಯದ ಸಂಕ್ಷೇಪವೂ ಅಲ್ಲ ಮಗು. 1906ರಲ್ಲಿ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೊ ತಂತಿ ಸಮ್ಮೇಳನದಲ್ಲಿ, ಆಪತ್ತಿನಲ್ಲಿರುವ ಹಡಗುಗಳಿಗಾಗಿ ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿಗಳ ಸಂಕೇತವನ್ನು ಒಪ್ಪಿಕೊಂಡರು. ಎಷ್ಟೇ ಗದ್ದಲವಿದ್ದರೂ ಕಿವಿಗೆ ಸುಲಭವಾಗಿ ಹತ್ತುತ್ತದೆ ಎಂಬುದು ಅದರ ಗುಣ. ತಂತಿ ಸಂದೇಶಕ್ಕೆ ಬಳಸುವ ಚುಕ್ಕಿ-ಗೆರೆಗಳ ಮೋರ್ಸ್ ಲಿಪಿಯಲ್ಲಿ ಅದು ಆ ಮೂರು ಅಕ್ಷರಗಳಿಗೆ ಹೊಂದಿದ್ದರಿಂದ ‘ಸೇವ್ ಅವರ್ ಸೋಲ್ಸ್’ ಎಂಬ ವಿಸ್ತಾರವನ್ನು ಜನ ಆಮೇಲೆ ಕಟ್ಟಿದರು.

‘ಮೇಡೇ’ ಎಂಬ ಕೂಗಿಗೂ ಮೇ ತಿಂಗಳಿಗೂ ಸಂಬಂಧವಿಲ್ಲ. ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿಯಾಗಿದ್ದ ಫ್ರೆಡರಿಕ್ ಸ್ಟ್ಯಾನ್ಲಿ ಮಾಕ್‌ಫರ್ಡ್ 1923ರ ಸುಮಾರಿಗೆ ಅದನ್ನು ಸೂಚಿಸಿದರು. ಅಲ್ಲಿಂದ ಹೆಚ್ಚಿನ ವಿಮಾನಗಳು ಪ್ಯಾರಿಸ್ಸಿಗೆ ಹೋಗುತ್ತಿದ್ದುದರಿಂದ ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನಂತೆಯೇ ಕೇಳಿಸುವ ಪದವನ್ನು ಆರಿಸಿಕೊಂಡರು. ಆ ಫ್ರೆಂಚ್ ಮಾತಿಗೂ ಇಂಗ್ಲಿಷಿನ ‘ಏಡ್’ ಎಂಬುದಕ್ಕೂ ಬೇರು ಒಂದೇ. ನಿನಗೆ ನಿಜವಾಗಿ ಆಪತ್ತು ಬಂದರೆ ಇವೆರಡೂ ಬೇಡ, ನಮ್ಮಲ್ಲಿ ತುರ್ತು ಕರೆಗೆ 112 ಇದೆ, ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ಎರಡನ್ನೂ ಬಾಯಿಪಾಠ ಮಾಡಿಕೊ.

ಪ್ರಶ್ನೆ: ‘ಗಿವ್ ಮಿ ಎ ಹ್ಯಾಂಡ್’ ಎಂಬುದನ್ನು ಕನ್ನಡದಲ್ಲಿ ‘ಕೈ ಕೊಡು’ ಎನ್ನಬಹುದೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಎಂದಿಗೂ ಬೇಡ. ‘ಈ ವರ್ಷವೂ ಮಳೆ ಕೈ ಕೊಟ್ಟಿತು’ ಎಂಬ ಮಾತು ಚಳ್ಳಕೆರೆಯಷ್ಟು ಇನ್ನಾವ ಊರಿಗೆ ಗೊತ್ತು? ಇಂಗ್ಲಿಷಿನಲ್ಲಿ ಕೈ ಕೊಟ್ಟವನು ಒದಗಿದವನು, ಕನ್ನಡದಲ್ಲಿ ಕೈ ಕೊಟ್ಟವನು ನಡುನೀರಿನಲ್ಲಿ ಬಿಟ್ಟು ಹೋದವನು. ನಮ್ಮಲ್ಲಿ ಒದಗುವವನು ಕೈ ಹಿಡಿಯುತ್ತಾನೆ, ಒದಗದವನು ಕೈ ಬಿಡುತ್ತಾನೆ, ತನ್ನಿಂದಾಗದೆಂದವನು ಕೈ ಎತ್ತುತ್ತಾನೆ. ಇಂಗ್ಲಿಷಿನ ಆ ಮಾತಿಗೆ ‘ಸ್ವಲ್ಪ ಕೈ ಜೋಡಿಸಿ’ ಎಂದರೆ ಸರಿ, ನಮ್ಮ ಕಡೆ ‘ಸ್ವಲ್ಪ ಕೈ ಹಚ್ಚು’ ಎಂಬುದೂ ಉಂಟು. ನೆಲದ ಮೇಲಿನ ಹೊರೆಯನ್ನು ತಲೆಗೆ ಎತ್ತಿಕೊಳ್ಳಬೇಕಾದವರು ದಾರಿಹೋಕರನ್ನು ‘ಯಪ್ಪಾ, ಈ ಹೊರೆ ಒಂಚೂರು ಎತ್ತಿ ಹೊರಿಸು’ ಎಂದು ಕೇಳುವುದನ್ನು ನೀವು ಬಲ್ಲಿರಿ. ಅಲ್ಲಿ ‘ಸಹಾಯ’ ಎಂಬ ಪದವೇ ಇಲ್ಲ. ಯಾವ ಕೆಲಸ ಆಗಬೇಕೋ ಅದನ್ನೇ ಹೇಳಿ ಕೇಳುವುದು ಹಳ್ಳಿಯ ಕನ್ನಡದ ರೀತಿ.

ಈ ಬಗೆಯ ನೆರವಿಗೆ ನಮ್ಮಲ್ಲಿರುವ ‘ಮುಯ್ಯಾಳು’ ಎಂಬ ಪದಕ್ಕೆ ‘ಹೆಲ್ಪ್’ ಎಟುಕುವುದೇ ಇಲ್ಲ. ‘ಮುಯ್ಯಿ’ ಎಂದರೆ ಕೊಟ್ಟದ್ದಕ್ಕೆ ಮರಳಿ ಕೊಡುವುದು, ಮದುವೆಯಲ್ಲಿ ಮಾಡುವ ಮುಯ್ಯಿಯೂ ಅದೇ. ಇಂದು ನಮ್ಮ ಹೊಲಕ್ಕೆ ನಿಮ್ಮ ಮನೆಯ ನಾಲ್ವರು ಬಂದರೆ ನಾಳೆ ನಿಮ್ಮ ಹೊಲಕ್ಕೆ ನಮ್ಮ ಮನೆಯ ನಾಲ್ವರು ಹೋಗಬೇಕು, ಕೂಲಿಯ ಮಾತಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಪದ ‘ಬೀ’. ಅಮೆರಿಕದ ಹಳ್ಳಿಗಳಲ್ಲಿ ನೆರೆಹೊರೆಯವರು ಕೂಡಿ ಮೆಕ್ಕೆಜೋಳದ ತೆನೆ ಸುಲಿಯುವುದಕ್ಕೂ ಕೌದಿ ಹೊಲಿಯುವುದಕ್ಕೂ ಆ ಹೆಸರಿತ್ತು. ಅದು ಜೇನುಹುಳುವಿನ ‘ಬೀ’ ಅಲ್ಲವೆಂದೂ, ನೆರೆಯವರು ಕೂಲಿಯಿಲ್ಲದೆ ಮಾಡಿಕೊಡುವ ಕೆಲಸವನ್ನು ಹೇಳುವ ಇಂಗ್ಲೆಂಡಿನ ಹಳ್ಳಿಗಾಡಿನ ಪದವೊಂದು ಸವೆದು ಹಾಗಾಗಿರಬಹುದೆಂದೂ ಪದಮೂಲ ಬಲ್ಲವರಲ್ಲಿ ಹಲವರ ಅಭಿಪ್ರಾಯ. ಮಕ್ಕಳ ‘ಸ್ಪೆಲ್ಲಿಂಗ್ ಬೀ’ ಸ್ಪರ್ಧೆಯಲ್ಲಿ ಈಗ ಉಳಿದಿರುವುದು ಅದೇ ಪದ.

ನಮ್ಮ ಅಜ್ಜಿಗೆ ಓದುಬರಹ ಬರುತ್ತಿರಲಿಲ್ಲ. ಶೇಂಗಾ ಕೀಳುವ ಕಾಲದಲ್ಲಿ ಯಾರ ಮನೆಯಿಂದ ಎಷ್ಟು ಮುಯ್ಯಾಳು ಬಂದರೆಂಬುದನ್ನು ಅವರು ಅಡುಗೆಮನೆಯ ಮಣ್ಣಿನ ಗೋಡೆಯ ಮೇಲೆ ಸುಣ್ಣದ ಬೊಟ್ಟಿಟ್ಟು ಗುರುತು ಮಾಡುತ್ತಿದ್ದರು, ಒಂದೊಂದು ಮನೆಗೆ ಒಂದೊಂದು ಸಾಲು. ನಾವು ಮಕ್ಕಳು ಆ ಮನೆಯವರ ಹೊಲದಲ್ಲಿ ದಿನವಿಡೀ ಕಾಯಿ ಬಿಡಿಸಿ, ಉಗುರಿನ ಸಂದಿಯಲ್ಲೆಲ್ಲ ಕೆಂಪು ಮಣ್ಣು ತುಂಬಿಕೊಂಡು ಸಂಜೆ ಮನೆಗೆ ಬಂದರೆ, ಅಜ್ಜಿ ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ಆ ಸಾಲಿನ ಒಂದು ಬೊಟ್ಟನ್ನು ಒರೆಸುತ್ತಿದ್ದರು.